ಭಾವನ ದ್ವೀಪಗಳು, ನನ್ನ ಚಂದ್ರಿಕೆಗಳು

ನಮ್ಮ ಭಾವ ಸಮುದ್ರ ನೋಡಿದವರಲ್ಲ. ಕ್ಯಾಲನೂರು ಕೆರೆ ತುಂಬಿದರೆ ಕಟ್ಟೆ ಹತ್ತಲೂ ಹೆದರುವವರು. ಆದರೆ ಸಮುದ್ರದ ನಡುವಿನ ದ್ವೀಪಗಳಲ್ಲಿ ಯಾವ ಭಾಷೆಗೆ ಯಾವ ಭಾಷೆ ಅಕ್ಕ, ಯಾವುದು ತಂಗಿ ಎಂದು ತೀರ್ಮಾನ ಮಾಡುವವರು ಅವರೇ. ಬೇರೆ ಯಾರಿಗಿತ್ತು ಅಷ್ಟು ಬಿಡುವು?

ಭಾವ ಎಂದರೆ ನನ್ನ ಗಂಡನ ಅಣ್ಣ. ಮಾಲೂರಿನಲ್ಲಿ ಮೇಷ್ಟರಾಗಿದ್ದವರು, ಪೆನ್ಷನ್ ಆದ ಮೇಲೆ ನಮ್ಮ ಮನೆ ಸೇರಿದರು. ಆ ದ್ವೀಪಗಳಲ್ಲಿ ಇದ್ದು ಬಂದ ಪಾದ್ರಿಯೊಬ್ಬರು ಪದಗಳ ಪುಸ್ತಕ ಕೊಟ್ಟು ಪುಣ್ಯ ಕಟ್ಟಿಕೊಂಡರು. ಪಾಪ ನನಗೆ ಬಂತು. ರೇಷ್ಮೆಹುಳು ಗೂಡು ಕಟ್ಟಲೆಂದು ಇಟ್ಟಿದ್ದ ನನ್ನ ಬಿದಿರಿನ ಚಂದ್ರಿಕೆಗಳ ಸಂದಿನಲ್ಲೆಲ್ಲ ಭಾವ ಪದ ಬರೆದ ಚೀಟಿ ಸಿಕ್ಕಿಸಿದರು. ಒಂದೊಂದು ಚಂದ್ರಿಕೆ ಒಂದೊಂದು ಭಾಷೆ.

"ಒಂದು ಭಾಷೆ ಮಾತ್ರ ಯಾವ ಗುಂಪಿಗೂ ಸೇರ್ತಿಲ್ಲ ಕಣಮ್ಮ. ಅರ್ಧ ಮಾತು ಪಡುವಣ ದ್ವೀಪಗಳದ್ದು, ಅರ್ಧ ಮೂಡಣದ್ದು," ಎಂದರು ಒಂದು ದಿನ, ಊಟದ ತಟ್ಟೆ ದೂಡಿ.

"ನಾವು ಅಂಗಡೀಲಿ ತೆಲುಗು ಮಾತಾಡ್ತೀವಿ. ಹಂಗಂತ ಅಂಗಡಿಯೋನು ನಮ್ಮ ದಾಯಾದಿನಾ? ಕೊಂಡು ತರೋ ಸಾಮಾನಿನ ಹೆಸರು ಬಿಡಿ ಭಾವ. ಕಣ್ಣಿಗೇನಂತಾರೆ, ಹೇನಿಗೇನಂತಾರೆ ನೋಡಿ. ಹೇನನ್ನ ಯಾರೂ ಸಂತೇಲಿ ಕೊಳ್ಳಲ್ಲ."

ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಭಾವ ಅನ್ನ ಬಿಟ್ಟು ಎದ್ದರು. ಎಲ್ಲ ಚೀಟಿ ಕಿತ್ತು ಮೊದಲಿಂದ ಜೋಡಿಸಿದರು. ಒಂದು ದ್ವೀಪದಲ್ಲಿ 'ಕುತು' ಎಂದರೆ ಹೇನಂತೆ, ಇನ್ನೊಂದರಲ್ಲಿ 'ಉತು' ಅಂತೆ. ವಾರವಿಡೀ ಮನೆಯಲ್ಲಿ ಹೇನಿನದೇ ಜಪ. ಮಾತಿಗೆ ಬಂದ ಪಕ್ಕದ ಮನೆಯವಳು ತಲೆ ಕೆರೆದುಕೊಳ್ಳುತ್ತಾ ಎದ್ದು ಹೋದಳು.

ಅಷ್ಟರಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಬಂದವು. ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ. ಆಗಲೇ ಚಂದ್ರಿಕೆಗೆ ಬಿಡದಿದ್ದರೆ ಕಂಡಲ್ಲಿ ನೂಲು ಸುತ್ತಿ ಬೆಳೆ ಹಾಳು.

"ಚೀಟಿ ತೆಗೀತೀರೋ, ಒಲೆಗೆ ಹಾಕ್ಲೋ?" ಎಂದೆ.

ಭಾವ ಚೀಟಿ ಬಿಡಿಸಿ ಕಟ್ಟು ಕಟ್ಟಿದರು. ಒಂದು ಚಂದ್ರಿಕೆ ಮಾತ್ರ ಮುಟ್ಟಲಿಲ್ಲ.

"ಅದು?"

"ಆ ಒಂಟಿ ಭಾಷೇದು. ಸಾಯಂಕಾಲದೊಳಗೆ ಗೊತ್ತಾಗುತ್ತೆ. ಈ ಮಹಾಯುದ್ಧ ಅಲ್ಲೀವರ್ಗೂ ಹೋಗಿದೆಯಮ್ಮ. ಆ ದ್ವೀಪದ ಮೇಲೆ ಬಾಂಬು ಬೀಳ್ತಿದೆ ಅಂತ ಪೇಪರಲ್ಲಿ ಹಾಕಿದ್ದಾರೆ. ಆ ಜನ ಉಳೀತಾರೋ ಇಲ್ವೋ. ಅವರ ಒಡಹುಟ್ಟಿದೋರು ಯಾರು ಅಂತಾದ್ರೂ ಬರೆದಿಡ್ಬೇಕು."

ಆ ಚಂದ್ರಿಕೆಗೆ ಬಿಡಬೇಕಿದ್ದ ಹುಳುಗಳನ್ನು ಒಣಹುಲ್ಲಿನ ಮೇಲೆ ಬಿಟ್ಟೆ. ಸಂಜೆಗೆ ಆ ಭಾಷೆ ಮೂಡಣದವರ ತಂಗಿ ಎಂದು ತೀರ್ಮಾನವಾಯಿತು. ಹುಲ್ಲಿನ ಮೇಲಿನ ಹುಳುಗಳು ಸೊಟ್ಟ ಗೂಡು ಕಟ್ಟಿದವು.

ಗೂಡು ಕೊಳ್ಳಲು ಬಂದ ಸಾಬರು ಒಂದನ್ನು ಎತ್ತಿ ತಿರುಗಿಸಿ ನೋಡಿದರು. "ಏನಮ್ಮಾ, ಇವಕ್ಕೆ ಜಾಗ ಇರ್ಲಿಲ್ವಾ?"

"ಮನೆಗೆ ನೆಂಟರು ಬಂದಿದ್ರು," ಎಂದೆ.