ಒಂದು ಕಿವಿ ಕೊಲೆಗೆ, ಒಂದು ಕಿವಿ ಮನೆಗೆ

ನನ್ನ ಗಂಡನ ಪ್ರಕಾರ ಈ ಲೋಕದಲ್ಲಿ ಎರಡೇ ಬಗೆಯ ಕತೆಗಳಿವೆ. ಒಂದು, ಅವರ ಆಫೀಸಿನಲ್ಲಿ ನಡೆದದ್ದು. ಇನ್ನೊಂದು, ಕೇಳಲು ಯೋಗ್ಯವಲ್ಲದ್ದು. ಅವರು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೂರುತ್ತಾರೆ. ಊರಿನ ಯಾವ ಬೀದಿಯಲ್ಲಿ ಯಾವ ಪೈಪು ಸೋರುತ್ತದೆ ಎನ್ನುವುದು ಅವರಿಗೆ ಬಾಯಿಪಾಠ. ನಮ್ಮ ಬಚ್ಚಲಿನ ನಲ್ಲಿ ಸೋರುವುದು ಮಾತ್ರ ಅವರ ವ್ಯಾಪ್ತಿಗೆ ಬರುವುದಿಲ್ಲವಂತೆ. (ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಕಟ್ಟಿದವಳು ಇಂಥವರೊಬ್ಬರ ಹೆಂಡತಿಯೇ ಇರಬೇಕು.) ಸಂಜೆ ಮನೆಗೆ ಬಂದು ಶೂ ಬಿಚ್ಚುವ ಮೊದಲೇ ಪೈಪಿನ ಪುರಾಣ ಶುರುವಾಗುತ್ತಿತ್ತು. ನಾನು ಒಲೆಯ ಮುಂದೆ ನಿಂತು ಹೂಂಗುಟ್ಟಬೇಕು. ಒಂದು ಹೂಂ ತಪ್ಪಿದರೂ, "ಕೇಳಿಸ್ಕೋತಾ ಇದೀಯಾ?" ಎಂದು ಮತ್ತೆ ಮೊದಲ ಅಧ್ಯಾಯದಿಂದ ಆರಂಭ.

ಇದರಿಂದ ನನ್ನನ್ನು ಪಾರು ಮಾಡಿದ್ದು ಒಂದು ಕೊಲೆ.

ಗಾಬರಿಯಾಗಬೇಡಿ, ನನ್ನ ಗಂಡ ಕ್ಷೇಮವಾಗಿದ್ದಾರೆ. ಸತ್ತವನು ಒಬ್ಬ ಮುದಿ ಶ್ರೀಮಂತ, ಅದೂ ಆಡಿಯೋ ಪುಸ್ತಕದಲ್ಲಿ. ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ, ಬೆನ್ನಿಗೆ ಚೂರಿ ಹಾಕಿಸಿಕೊಂಡು ಕೂತಲ್ಲೇ ಸತ್ತಿದ್ದ. ತೋಟದವನ ಮೇಲೆ ಅನುಮಾನ, ಡಾಕ್ಟರ ಮೇಲೆ ಅನುಮಾನ, ಅವನ ಅಣ್ಣನ ಮಗಳ ಮೇಲಂತೂ ಎಲ್ಲರಿಗೂ ಅನುಮಾನ. ಅದನ್ನು ಓದುವ ಮಹಾನುಭಾವನ ಧ್ವನಿ ಹೇಗಿತ್ತೆಂದರೆ, ಆತ ದಿನಸಿ ಚೀಟಿ ಓದಿದರೂ ಕೇಳುವವರು ಎದ್ದು ಹೋಗಿ ಬಾಗಿಲ ಚಿಲಕ ನೋಡಿ ಬರಬೇಕು. ಇಂಥ ಗಂಡಸಿನ ಧ್ವನಿ ಕಿವಿಯಲ್ಲಿರುವಾಗ ಪೈಪಿನ ಗಂಡಸಿನ ಧ್ವನಿ ಯಾರಿಗೆ ಬೇಕು?

ಈ ಆಡಿಯೋ ಪುಸ್ತಕದ ಆ್ಯಪನ್ನು ಫೋನಿಗೆ ಹಾಕಿಕೊಟ್ಟವರೂ ನನ್ನ ಗಂಡನೇ. ಒಂದೇ ಖಾತೆಯಲ್ಲಿ ಎರಡು ಫೋನಿಗೂ ಬರುತ್ತದೆಂದು ತಮ್ಮದಕ್ಕೂ ಹಾಕಿಕೊಂಡರು. ಪುಕ್ಕಟೆ ಸಿಗುವುದನ್ನು ಬಿಟ್ಟು ಅಭ್ಯಾಸವಿಲ್ಲ. ಆಮೇಲೆ ನಾನು ಕೊಲೆ ಕತೆ ಕೇಳುವುದನ್ನು ನೋಡಿ ಉಪದೇಶ ಮಾಡಿದರು: "ಪತ್ತೇದಾರಿ ಕತೆ ಕೇಳೋದು ಬುದ್ಧಿ ಬಲಿಯದೇ ಇರೋರು ಕಣೇ. ನಾನಾದ್ರೆ ಮೂರನೇ ಪುಟದಲ್ಲೇ ಕಳ್ಳನ್ನ ಹಿಡೀತೀನಿ." ಕೊಡೆ ಎಲ್ಲಿಟ್ಟೆ ಎಂದು ಪ್ರತಿ ಮಳೆಯಲ್ಲೂ ನನ್ನನ್ನು ಕೇಳುವವರು!

ನಾನು ಎರಡು ಏರ್ಪಾಡು ಮಾಡಿಕೊಂಡೆ. ಮೊದಲನೆಯದು ಹಿಂದಿನ ಕೋಣೆ. ಮುರಿದ ಫ್ಯಾನು, ಬಾಯಿ ಮುಚ್ಚದ ಸೂಟ್‌ಕೇಸು, ನನ್ನ ಗಂಡ ಎಂದೋ ವ್ಯಾಯಾಮ ಮಾಡುತ್ತೇನೆಂದು ತಂದ ಕಬ್ಬಿಣದ ಗುಂಡು, ಎಲ್ಲವನ್ನೂ ಸಾಗಹಾಕಿ ಆ ಕೋಣೆ ತೊಳೆದೆ. ಕಿಟಕಿಯ ಪಕ್ಕ ಒಂದು ಕುರ್ಚಿ ಹಾಕಿದೆ. ಮದುವೆಯಾದಾಗಿನಿಂದ ಈ ಮನೆಯಲ್ಲಿ ನನ್ನದೆಂದು ಹೇಳಿಕೊಳ್ಳುವುದಕ್ಕೆ ಸಿಕ್ಕಿದ್ದು ಅದೊಂದೇ ಜಾಗ. ಮಧ್ಯಾಹ್ನ ಪಾತ್ರೆ ತೊಳೆದು, ಬಾಗಿಲು ಹಾಕಿಕೊಂಡು, ಆ ಕುರ್ಚಿಯಲ್ಲಿ ಕೂತು ಕೊಲೆ ಕೇಳುವಾಗ ನನಗಾಗುತ್ತಿದ್ದ ಸಂತೋಷಕ್ಕೆ ಮಿತಿಯಿರಲಿಲ್ಲ. ಎರಡನೆಯ ಏರ್ಪಾಡು ಅಡುಗೆಮನೆಯಲ್ಲಿ. ಕೂದಲನ್ನು ಬಲಗಡೆಗೆ ಇಳಿಬಿಟ್ಟು, ಅದರ ಮರೆಯಲ್ಲಿ ಒಂದು ಕಿವಿಗೆ ಇಯರ್‌ಫೋನೆಂಬ ಕರ್ಣಾಭರಣ ಧರಿಸಿದೆ. ಬಲಗಿವಿ ಕೊಲೆಗೆ, ಎಡಗಿವಿ ಮನೆಗೆ. (ಕತೆ ಬಿಗಿಯಾದಾಗ ಎಡಗಿವಿಯೂ ಪಕ್ಷಾಂತರ ಮಾಡುತ್ತಿತ್ತು, ಸುಳ್ಳೇಕೆ ಹೇಳಲಿ.) ಯಾರು ಏನು ಹೇಳಿದರೂ "ಹೂಂ" ಅನ್ನುತ್ತಿದ್ದೆ. ನಡುನಡುವೆ "ಹೌದಾ?" ಎಂಬ ಒಗ್ಗರಣೆ.

ಪರಿಣಾಮ ಅದ್ಭುತವಾಗಿತ್ತು. "ಈಚೆಗೆ ನಿನ್ನ ಸೊಸೆ ಎಷ್ಟು ತಾಳ್ಮೆಯಿಂದ ಕೇಳ್ತಾಳೆ ನೋಡಮ್ಮಾ," ಎಂದು ನನ್ನ ಗಂಡ ಅತ್ತೆಯ ಹತ್ತಿರ ಹೇಳಿದರಂತೆ. ಅತ್ತೆ ಕನ್ನಡಕ ಒರೆಸುತ್ತಾ, "ನೋಡ್ತಾ ಇದೀನಿ," ಅಂದರಂತೆ. ನಮ್ಮತ್ತೆ ಮಾತು ಕಡಿಮೆ, ನೋಟ ಜಾಸ್ತಿ. ನನ್ನ ಗಂಡನೂ ಬದಲಾಗಿದ್ದರು. ಕಿವಿಗೆ ಥಂಡಿ ಎಂದು ಮನೆಯೊಳಗೂ ಉಲ್ಲನ್ ಟೋಪಿ ಹಾಕಿಕೊಂಡು ಓಡಾಡುತ್ತಿದ್ದರು. ಪೈಪಿನ ಪುರಾಣ ಇಳಿಮುಖವಾಗಿತ್ತು. ಬಚ್ಚಲಿನ ನಲ್ಲಿಯ ವಿಷಯ ಎತ್ತಿದರೆ ಎಂದೂ ಇಲ್ಲದ ಸೌಜನ್ಯದಿಂದ, "ಹೂಂ, ಹೂಂ, ಮಾಡ್ಸೋಣ," ಅನ್ನುತ್ತಿದ್ದರು. ಗಂಡನೆಂದರೆ ಹೀಗಿರಬೇಕು ಎಂದು ನಾನು ಮನಸ್ಸಿನಲ್ಲೇ ಪ್ರಶಸ್ತಿ ಕೊಟ್ಟೆ.

ಅಷ್ಟರಲ್ಲಿ ನಮ್ಮ ಮನೆಯಲ್ಲೇ ಒಂದು ಅಪರಾಧ ನಡೆಯಿತು.

ಡಾಕ್ಟರು ಔಷಧದ ಪೆಟ್ಟಿಗೆ ತೆರೆಯುವಲ್ಲಿ ನಿಲ್ಲಿಸಿ ಮಲಗಿದ್ದೆ. ಮರುದಿನ ಒತ್ತಿದರೆ ಕತೆ ಸ್ಮಶಾನದಲ್ಲಿದೆ! ನನ್ನ ಅಪ್ಪಣೆಯಿಲ್ಲದೆ ಅಣ್ಣನ ಮಗಳು ಸತ್ತುಹೋಗಿದ್ದಾಳೆ. ತಡಕಾಡಿ ಹಿಂದಕ್ಕೆ ಹೋಗಿ, ಆಲೂಗೆಡ್ಡೆ ಸಿಪ್ಪೆ ತೆಗೆಯುತ್ತಾ ಅವಳ ಸಾವನ್ನು ಕ್ರಮವಾಗಿ ಕೇಳಿ ಅತ್ತುಬಿಟ್ಟೆ. ಮಾರನೆಯ ದಿನವೂ ಅದೇ ಕತೆ. ನಾನು ನಿಲ್ಲಿಸಿದ್ದು ಒಂದು ಕಡೆ, ಪುಸ್ತಕ ನಿಂತಿರುವುದು ಇನ್ನೊಂದು ಕಡೆ. ಯಾರೋ ನನಗಿಂತ ಮುಂದೆ ಮುಂದೆ ಕೇಳುತ್ತಿದ್ದಾರೆ!

ನನ್ನೊಳಗಿನ ಪತ್ತೇದಾರಿಣಿ ಎದ್ದು ಸೆರಗು ಬಿಗಿದಳು. ಅತ್ತೆಯ ಹತ್ತಿರ ಇರುವುದು ಗುಂಡಿ ಒತ್ತುವ ಹಳೆಯ ಫೋನು. ಅದು ಸದ್ದು ಮಾಡುವುದೇ ದೊಡ್ಡ ಸಾಹಸ. ಇನ್ನು ಉಳಿದವರು ಬುದ್ಧಿ ಬಲಿತವರು. ಅಂಥವರು ಕೊಲೆ ಕತೆ ಕೇಳುವುದುಂಟೇ? ಆದರೂ ಕೊನೆಯ ಅಧ್ಯಾಯ ಒಂದು ಬಾಕಿಯಿತ್ತು. ಅದನ್ನು ನನ್ನ ಕೋಣೆಯಲ್ಲಿ, ನನ್ನ ಕುರ್ಚಿಯಲ್ಲಿ ಕೂತು ಕೇಳುವ ಮೊದಲು ಕಳ್ಳನನ್ನು ಹಿಡಿಯಲೇಬೇಕೆಂದು ನಿಶ್ಚಯಿಸಿದೆ.

ಭಾನುವಾರ ಊಟಕ್ಕೆ ಮೂವರೂ ಕೂತಿದ್ದೆವು. ನಾನು ಸಾರು ಬಡಿಸುತ್ತಾ, ಗೋಡೆಗೆ ಹೇಳುವಂತೆ ಗಟ್ಟಿಯಾಗಿ ಹೇಳಿದೆ. "ಆ ಮುದುಕನ್ನ ಕೊಂದಿದ್ದು ತೋಟದವನೇ. ನನಗೇನೂ ಅನುಮಾನ ಇಲ್ಲ."

"ತಲೆ ಇದೆಯೇನೇ ನಿಂಗೆ?" ನನ್ನ ಗಂಡ ತುತ್ತು ಕೈಯಲ್ಲೇ ಹಿಡಿದು ಸಿಡಿದರು. "ತೋಟದವನು ಆವತ್ತು ಊರಲ್ಲೇ ಇರ್ಲಿಲ್ಲ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಕೇಳಿದ್ದೆ. ಈ ಪುಣ್ಯಾತ್ಮರು ಕುಂಬಳಕಾಯನ್ನೇ ತಂದು ತಟ್ಟೆಯಲ್ಲಿಟ್ಟಿದ್ದರು.

"ಓಹೋ! ಬುದ್ಧಿ ಬಲಿತವರು ಯಾವಾಗಿಂದ ಕೇಳ್ತಿದೀರಿ?"

"ಬಸ್ಸಲ್ಲಿ... ಸುಮ್ನೆ... ಹೊತ್ತು ಹೋಗ್ಲಿ ಅಂತ..."

"ಬಸ್ಸಲ್ಲಿ ಮಾತ್ರಾನಾ?" ನಾನು ಕೈ ಚಾಚಿ ಟೋಪಿ ಎಳೆದೆ. ಥಂಡಿ ಹಿಡಿದ ಕಿವಿಯಲ್ಲಿ ಬಿಳಿಯ ಇಯರ್‌ಫೋನು ಮಿನುಗುತ್ತಿತ್ತು. "ಅಂದ್ರೆ ನಾನು ಇಷ್ಟು ದಿನ ನಲ್ಲಿ ವಿಷಯ ಹೇಳಿದ್ದು? ನನ್ನ ಬೆನ್ನುನೋವಿನ ವಿಷಯ ಹೇಳಿದ್ದು? ಎಲ್ಲಕ್ಕೂ ಹೂಂ ಅಂದ್ರಲ್ಲ, ಅದು ನನಗಲ್ಲ, ಪತ್ತೇದಾರನಿಗಾ? ಕಟ್ಟಿಕೊಂಡ ಹೆಂಡತೀಗೆ ಹೀಗಾ ಮೋಸ ಮಾಡೋದು?"

ನಿಜಕ್ಕೂ ನನಗೆ ದುಃಖವಾಗಿತ್ತು. ಅದೇ ಭರದಲ್ಲಿ ತಲೆ ಕೊಡವಿದೆ. ಕೂದಲು ಹಿಂದಕ್ಕೆ ಹಾರಿತು. ಕರ್ಣಾಭರಣ ಕಳಚಿ ಸಾರಿನ ಪಾತ್ರೆಗೆ ಬಿತ್ತು.

ಮೂವರೂ ಪಾತ್ರೆಯನ್ನೇ ನೋಡಿದೆವು.

"ಅಂದ್ರೆ," ನನ್ನ ಗಂಡ ನಿಧಾನವಾಗಿ ಕೇಳಿದರು, "ನಾನು ಬಡ್ತಿ ತಪ್ಪಿಹೋಯ್ತು ಅಂತ ಹೇಳಿದಾಗ ನೀನು 'ಹೌದಾ? ಆಮೇಲೆ?' ಅಂದಿದ್ದು..."

ನಾನು ಚಮಚದಿಂದ ಕರ್ಣಾಭರಣ ಹುಡುಕುವುದರಲ್ಲಿ ಮಗ್ನಳಾದೆ.

ಆಗ ಬಾಗಿಲ ಗಂಟೆ ಸದ್ದಾಯಿತು. ಅತ್ತೆ ಕೈ ತೊಳೆದುಕೊಂಡು ಹೋಗಿ ತೆರೆದರು. ಹೊರಗೆ ಒಂದು ಸಾಮಾನಿನ ಗಾಡಿ. ಅದರ ಮೇಲೆ ಮಂಚ, ಎರಡು ಟ್ರಂಕು, ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ. ಪಕ್ಕದಲ್ಲಿ ಕೈಚೀಲ ಹಿಡಿದುಕೊಂಡು ನಿಂತಿದ್ದವರು ಅತ್ತೆಯ ತಂಗಿ, ನಮ್ಮ ಚಿಕ್ಕತ್ತೆ.

"ಹಿಂದಿನ ಕೋಣೇಲಿ ಇಳಿಸಪ್ಪಾ," ಎಂದು ಅತ್ತೆ ಗಾಡಿಯವನಿಗೆ ಹೇಳಿದರು. "ಕಿಟಕಿ ಪಕ್ಕ ಒಂದು ಕುರ್ಚಿ ಇದೆ, ಅದನ್ನ ಈಚೆ ಹಾಕು."

ನಾನು ಚಮಚ ಹಿಡಿದೇ ಬಾಗಿಲಿಗೆ ಓಡಿದೆ. "ಅತ್ತೇ, ಏನಿದು?"

"ಹೇಳಿದ್ನಲ್ಲೇ? ಇವಳು ಬಾಡಿಗೆಗಿದ್ದ ಮನೇನ ಮಾಲೀಕ ಕೆಡವ್ತಿದ್ದಾನೆ, ಇನ್ಮೇಲೆ ಇಲ್ಲೇ ಇರ್ಲಿ, ಆ ಕೋಣೆ ಕೊಡೋಣ್ವಾ ಅಂತ ಕೇಳಿದೆ. ಇವನು ಟೋಪಿ ಹಾಕ್ಕೊಂಡು 'ಹೂಂ' ಅಂದ. ನೀನು ಆಲೂಗೆಡ್ಡೆ ಸಿಪ್ಪೆ ತೆಗೀತಾ 'ಹೂಂ' ಅಂದೆ. 'ಅಯ್ಯೋ ಪಾಪ, ಹೀಗಾಗಬಾರದಿತ್ತು' ಅಂತ ಬಳಬಳ ಅತ್ತೂ ಬಿಟ್ಟೆ."

ಅಣ್ಣನ ಮಗಳು ಸತ್ತ ದಿನ! ನಾನು ಅತ್ತದ್ದು ಅವಳಿಗಾಗಿ ಎಂದು ಯಾವ ಬಾಯಿಂದ ಹೇಳಲಿ? ಅತ್ತೆಯ ಮುಖ ನೋಡಿದೆ. ಕನ್ನಡಕದ ಹಿಂದೆ ಏನೂ ಗೊತ್ತಾಗಲಿಲ್ಲ. ಇಷ್ಟು ದಿನ ಕೊಲೆಗಾರನ ಬೆನ್ನು ಹತ್ತಿದ ನನಗೆ, ನನ್ನ ಬೆನ್ನ ಹಿಂದೆಯೇ ನಡೆದ ಸಂಚು ಒಂದಿಷ್ಟೂ ಕೇಳಿಸಿರಲಿಲ್ಲ.

"ಅಂದ ಹಾಗೆ," ಅತ್ತೆ ಹತ್ತಿರ ಬಂದು ದನಿ ತಗ್ಗಿಸಿದರು, "ಕೊಂದಿದ್ದು ಡಾಕ್ಟರು. ಇವನು ಬಚ್ಚಲಲ್ಲಿ ಗಟ್ಟಿಯಾಗಿ ಹಾಕ್ಕೊಂಡು ಸ್ನಾನ ಮಾಡ್ತಾನಲ್ಲ, ಇವತ್ತು ಬೆಳಿಗ್ಗೆ ಪೂರ್ತಿ ಕೇಳಿಸ್ತು. ಪಾಪ, ನೀನ್ಯಾಕೆ ಸುಮ್ನೆ ತಲೆ ಕೆಡಿಸ್ಕೋತೀಯ."

ಒಳಗಿನಿಂದ ನನ್ನ ಕುರ್ಚಿ ಹೊರಗೆ ಬಂತು. ಮಂಚ ಒಳಗೆ ಹೋಯಿತು. ಹೊಲಿಗೆ ಯಂತ್ರ ಕಿಟಕಿಯ ಪಕ್ಕ ಸ್ಥಾಪಿತವಾಯಿತು. ಬಾಯಿ ತೆರೆದು ಏನಾದರೂ ಹೇಳಬೇಕು, ಈಗಲೇ ಹೇಳಬೇಕು ಅಂದುಕೊಂಡೆ. ಅಷ್ಟರಲ್ಲಿ ಚಿಕ್ಕತ್ತೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು.

"ಅಕ್ಕ ಹೇಳಿದ್ಲಮ್ಮಾ, ನನಗೋಸ್ಕರ ಕಣ್ಣೀರು ಹಾಕಿದೆಯಂತೆ. ಮನೆ ಹೋಗುತ್ತೆ ಅಂದಾಗ ನನ್ನ ಪರವಾಗಿ ಅತ್ತಿದ್ದು ನೀನೊಬ್ಬಳೇ. ಕೋಣೆ ಕೊಡೋದಕ್ಕೆ ನಿನಗೇನೂ ಬೇಜಾರಿಲ್ಲ ತಾನೇ?"

ನನ್ನ ಎರಡು ಕಿವಿಯಲ್ಲೂ ಏನೂ ಇರಲಿಲ್ಲ. ಅವರು ಹೇಳಿದ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು.

"ಹೂಂ," ಅಂದೆ.