ಮಸ್ಕತ್ತಿಗೆ ಮಿಡಿ ಉಪ್ಪಿನಕಾಯಿ

ಪಾರ್ಸೆಲ್ ಕಳಿಸುವುದೇನು ಮಹಾ ವಿದ್ಯೆ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಮೂಡಿಗೆರೆ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿ ಲಾರಿಗಟ್ಟಲೆ ಕಾಫಿ ಸಾಗಿಸಿದವನು ನಾನು. ಹಾಗಾಗಿ ಮಸ್ಕತ್ತಿನಲ್ಲಿದ್ದ ನಾದಿನಿ ಸುಮಾ ಫೋನಿನಲ್ಲಿ ನನ್ನ ಹೆಂಡತಿಗೆ, "ಅಕ್ಕಾ, ಬಸುರಿ ಬಾಯಿಗೆ ಏನೂ ಸೇರ್ತಿಲ್ಲ. ನಿನ್ನ ಕೈಯ ಮಿಡಿ ಉಪ್ಪಿನಕಾಯಿ ಬೇಕೇ ಬೇಕು" ಎಂದು ಅತ್ತಾಗ, ಪಕ್ಕದಲ್ಲಿದ್ದ ನಾನು "ಅದು ನನ್ನ ಜವಾಬ್ದಾರಿ!" ಎಂದು ಘೋಷಿಸಿಬಿಟ್ಟೆ.

"ರೀ, ಪೋಸ್ಟಿಗೇ ಹಾಕಿ. ಪ್ಯಾಕ್ ಮಾಡೋದು ಹೇಗೆ ಅಂತ ಅಲ್ಲೇ ಹೇಳ್ತಾರೆ" ಎಂದಳು ನನ್ನ ಹೆಂಡತಿ ಸರೋಜ.

"ಪೋಸ್ಟಲ್ಲಿ ಹೋದ್ರೆ ಮಗು ಅನ್ನ ತಿನ್ನೋ ಹೊತ್ತಿಗೆ ತಲುಪುತ್ತೆ. ಕೊರಿಯರ್ರೇ ಸೈ!"

ಉಪ್ಪಿನಕಾಯಿ ಬಾಟಲಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಹೋದೆ. ಕೊರಿಯರ್ ಆಫೀಸಿನವನು ಬಾಟಲಿ ನೋಡಿದವನೇ ತಲೆಯಾಡಿಸಿದ. "ಲಿಕ್ವಿಡ್ ತಗೊಳಲ್ಲ ಸಾರ್."

"ಇದು ಲಿಕ್ವಿಡ್ ಅಲ್ಲ, ಮಿಡಿ."

"ರಸ ಕಾಣ್ತಿದೆಯಲ್ಲ ಸಾರ್."

"ಕಂಡ್ರೇನು? ಒಂದು ತೊಟ್ಟೂ ಹೊರಗೆ ಬರಲ್ಲ, ನೋಡಿ!" ಎನ್ನುತ್ತಾ ಬಾಟಲಿಯನ್ನು ತಲೆಕೆಳಗು ಮಾಡಿದೆ.

ತೊಟ್ಟು ಬರಲಿಲ್ಲ. ಮುಚ್ಚಳವೇ ಬಂತು!

ಪಕ್ಕದಲ್ಲಿ ಬಿಳಿ ಪಂಚೆ, ಬಿಳಿ ಶರಟಿನಲ್ಲಿ ಒಬ್ಬ ಗೌಡರು ನಿಂತಿದ್ದರು. ಮಗಳಿಗೆ ಗಂಡು ನೋಡಲು ಹೊರಟವರಂತೆ. ರಸವೆಲ್ಲ ಅವರ ಮೇಲೆ.

"ಏನ್ ಮಾರಾಯ ಇದು! ಬೀಗರ ಮನೆಗೆ ಹೀಗೇ ಹೋಗ್ಲಾ?"

"ಕ್ಷಮಿಸಿ ಗೌಡ್ರೇ" ಎಂದು ಟವೆಲಿನಿಂದ ಉಜ್ಜಿದೆ. ಅಂಗೈಯಗಲದ ಕಲೆ ನನ್ನ ಉಪಚಾರದಿಂದ ಹೊಟ್ಟೆಯಗಲವಾಯಿತು.

"ಸಾರ್, ದಯವಿಟ್ಟು ಮನೆಗೆ ಹೋಗಿ. ಡ್ರೈ ಐಟಂ ಇದ್ರೆ ಮಾತ್ರ ಬನ್ನಿ" ಎಂದ ಕೊರಿಯರಿನವನು. ಡ್ರೈ! ನನ್ನ ಮೆದುಳಿನಲ್ಲಿ ಮಿಂಚು ಹೊಳೆಯಿತು.

ಮನೆಗೆ ಬಂದವನೇ ಬಾಟಲಿಯಲ್ಲಿ ಉಳಿದಿದ್ದ ಮಿಡಿಗಳನ್ನು ತೊಳೆದು, ಕಾಫಿ ಒಣಗಿಸುವ ಕಣದಲ್ಲಿ ಹರವಿದೆ.

"ಉಪ್ಪಿನಕಾಯಿನ ಯಾರಾದ್ರೂ ತೊಳೀತಾರೇನ್ರೀ!" ಸರೋಜ ಹಣೆ ಚಚ್ಚಿಕೊಂಡಳು.

"ಕಾಫಿ ಒಣಗಿಸೋನಿಗೆ ಮಿಡಿ ಯಾವ ಲೆಕ್ಕ? ಅಲ್ಲಿ ಹೋದ್ಮೇಲೆ ಒಂಚೂರು ನೀರು ಹಾಕ್ಕೊಂಡ್ರೆ ಆಯ್ತು!"

ಬೆಳಿಗ್ಗೆ ಸಂಜೆ ಕೈಯಾಡಿಸಿ, ನೆಲಕ್ಕೆ ಬಿಟ್ಟರೆ 'ಟಣ್' ಎನ್ನುವವರೆಗೆ ಒಣಗಿಸಿದೆ. ಕೊರಿಯರಿನವನು ಮರುಮಾತಿಲ್ಲದೆ ತೆಗೆದುಕೊಂಡ. ಗೆದ್ದೆ!

ಕೆಲವು ದಿನಗಳ ನಂತರ ಸುಮಾಳ ಫೋನ್ ಬಂತು. ಹೊಗಳಿಕೆಗೆ ಸಿದ್ಧನಾಗಿ ನಾನೇ ಎತ್ತಿಕೊಂಡೆ.

"ಭಾವಾ, ಅಡಿಕೆ ತಲುಪ್ತು. ಇವ್ರು ಒಂದು ಬಾಯಿಗೆ ಹಾಕ್ಕೊಂಡು ಹಲ್ಲು ಮುರ್ಕೊಂಡಿದ್ದಾರೆ. ಅದಿರ್ಲಿ, ಉಪ್ಪಿನಕಾಯಿ ಯಾವಾಗ ಕಳಿಸ್ತೀರಿ?"

ಫೋನನ್ನು ಸರೋಜಳಿಗೆ ಕೊಟ್ಟೆ. ಅವಳು ನಡೆದದ್ದನ್ನೆಲ್ಲ ಹೇಳುತ್ತಿದ್ದಂತೆ ಸುಮಾ ನಗುವ ಸದ್ದು ಫೋನಿನಿಂದ ಹೊರಗೂ ಕೇಳಿಸಿತು. ಬಸುರಿ ಹೆಣ್ಣನ್ನು ಮನಸಾರೆ ನಗಿಸಿದ ಪುಣ್ಯವಾದರೂ ಬಂತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಆ ಪುಣ್ಯದಲ್ಲೂ ಅರ್ಧ ಪಾಲು ಮಸ್ಕತ್ತಿನ ಹಲ್ಲಿನ ಡಾಕ್ಟರಿಗೆ ಹೋಯಿತು!