ಅತ್ತೆಯ ಸ್ಟೌ ಶಾಸ್ತ್ರ, ಮಾವನ ಕಾರು

ನಮ್ಮ ಅತ್ತೆಯ ಪ್ರಕಾರ ಈ ಜಗತ್ತಿನಲ್ಲಿ ಇರುವುದು ಒಂದೇ ಯಂತ್ರ, ಸೀಮೆಎಣ್ಣೆಯ ಪಂಪ್ ಸ್ಟೌ. ಮಿಕ್ಕವೆಲ್ಲ ಅದರ ಮಕ್ಕಳು, ಮರಿಮಕ್ಕಳು. ಗೀಸರ್ ಅಂದರೆ ಗೋಡೆಗೆ ತೂಗುಹಾಕಿದ ಸ್ಟೌ. ಲೋಕಲ್ ಟ್ರೈನು ಹಳಿಯ ಮೇಲೆ ಓಡುವ ಸ್ಟೌ. "ಎಣ್ಣೆ ಬೇಕು, ಗಾಳಿ ಬೇಕು, ಬೆಂಕಿ ಬೇಕು. ಮತ್ತೆಂಥ ಉಂಟು ಅದರಲ್ಲಿ?" ಎನ್ನುತ್ತಾರೆ. ಟ್ರೈನು ಕರೆಂಟಿನಲ್ಲಿ ಓಡುವುದು ಅತ್ತೆ, ಎಂದು ನಾನೊಮ್ಮೆ ಹೇಳಿ ನೋಡಿದೆ. ಆ ಕರೆಂಟು ಹೇಗೆ ಬರುತ್ತದೆ ಎಂದು ಕೇಳಿದರು. ಕಲ್ಲಿದ್ದಲು ಸುಟ್ಟು ಎಂದೆ. ಹಾಗಾದರೆ ಅದೂ ಸ್ಟೌವೇ ಆಯಿತಲ್ಲ ಎಂದರು ಅತ್ತೆ. ಎಲ್ಲಿ ಹೋಗಿ ತಲೆ ಚಚ್ಚಿಕೊಳ್ಳಲಿ!

ಈ ಶಾಸ್ತ್ರ ಅವರಿಗೆ ಸುಮ್ಮನೆ ಒಲಿದದ್ದಲ್ಲ. ಅವರೂ ಮಾವನೂ, ಅಂದರೆ ನನ್ನ ಅಮ್ಮನ ಅಣ್ಣನೂ, ವಿಠ್ಠಲವಾಡಿ ಸ್ಟೇಷನ್ನಿನ ಹತ್ತಿರ ಎಷ್ಟೋ ವರ್ಷ ಖಾನಾವಳಿ ನಡೆಸಿದವರು. ಬೆಳಗಾಗುತ್ತಲೇ ಮಾವ ಸ್ಟೌ ಹಚ್ಚಿದರೆ, ಅತ್ತೆ ಕಾರು ತೆಗೆದುಕೊಂಡು ಕಲ್ಯಾಣದ ಮಾರ್ಕೆಟ್ಟಿನಿಂದ ತರಕಾರಿ ತರುತ್ತಿದ್ದರು. ಗೇರು ಸ್ಟೀರಿಂಗಿಗೇ ಅಂಟಿಕೊಂಡಿದ್ದ ಕಾಲದ ಕಾರು ಅದು. ಕಂಪನಿಯ ಹೆಸರು ಹೇಳಿ ಅದರ ಮರ್ಯಾದೆ ತೆಗೆಯುವುದಿಲ್ಲ. ಖಾನಾವಳಿ ಮುಚ್ಚಿ ಡೊಂಬಿವಲಿಯಲ್ಲಿ ಫ್ಲ್ಯಾಟು ಮಾಡಿದ ಮೇಲೆ ಕಾರು ಸೊಸೈಟಿಯ ಮೂಲೆಯಲ್ಲಿ ಟಾರ್ಪಾಲು ಹೊದ್ದು ಮಲಗಿತು. ಆಮೇಲೆ ಮಾವನಿಗೆ ಪಾರ್ಶ್ವವಾಯು ಬಡಿಯಿತು. ಜೀವಕ್ಕೆ ಏನೂ ಆಗಲಿಲ್ಲ. ಆದರೆ ಎಡಗೈ, ಎಡಗಾಲು ಹೇಳಿದ ಮಾತು ಕೇಳದಾದವು. ಸ್ವಲ್ಪ ದಿನ ಹೇಗೋ ಓಡಾಡಿದ ಮಾವ ಒಂದು ದಿನ ಮೊದಲ ಮಹಡಿಯಿಂದ ಕೆಳಗಿಳಿಯುವುದನ್ನೇ ಬಿಟ್ಟುಬಿಟ್ಟರು.

ಹೀಗಿರುವಾಗ ನನ್ನ ತಂಗಿಯ ಮದುವೆ ನಿಶ್ಚಯವಾಯಿತು, ಸೀವುಡ್ಸ್‌ನ ಒಂದು ಹಾಲಿನಲ್ಲಿ. ನಮ್ಮ ಉಡುಪಿ ಕಡೆಯ ಮದುವೆಯಲ್ಲಿ ಸೋದರಮಾವ ಇಲ್ಲದಿದ್ದರೆ ಹೇಗೆ? ಧಾರೆಯ ಹೊತ್ತಿಗೆ ಅವರು ಪಕ್ಕದಲ್ಲಿ ನಿಲ್ಲಲೇಬೇಕು. ಅಮ್ಮ ಕಾರ್ಡು ಹಿಡಿದುಕೊಂಡು ಹೋದರೆ ಮಾವ ಬರುವುದಿಲ್ಲವೆಂದು ತಲೆಯಾಡಿಸಿಬಿಟ್ಟರು. ಅಮ್ಮ ಕಣ್ಣೊರೆಸಿಕೊಳ್ಳುತ್ತ ಚಪ್ಪಲಿ ಮೆಟ್ಟುವಾಗ ಅತ್ತೆ ಬಾಗಿಲಿಗೆ ಬಂದರು.

"ನೀನು ಅಳ್ಬೇಡ. ಇವರನ್ನು ನಾನು ಕರ್ಕೊಂಡು ಬರ್ತೇನೆ. ನಮ್ಮ ಕಾರಲ್ಲಿ."

ಮೊಬೈಲಿನ ಮೇಲೆ ಬೆರಳಾಡಿಸಿದರೆ ಎಸಿ ಟ್ಯಾಕ್ಸಿ ಗೇಟಿಗೇ ಬಂದು ನಿಲ್ಲುವ ಕಾಲವಿದು! ನಾನು ಹಾಗೆಂದೆ. ಬೇಡ ಎಂದರು. ಯಾಕೆ ಎಂದರೆ, ಬೇಡ ಎಂದರೆ ಬೇಡವಂತೆ. ಅತ್ತೆಗೆ ಹಟ ಹಿಡಿದಿದೆ ಎಂದು ನಾವೆಲ್ಲ ತೀರ್ಮಾನ ಮಾಡಿಬಿಟ್ಟೆವು.

ಮರುದಿನವೇ ಟಾರ್ಪಾಲು ಸರಿಯಿತು. ಹೊಸ ಬ್ಯಾಟರಿ ಬಂತು. ಮೆಕ್ಯಾನಿಕ್ಕಿಗೆ ಮಾತ್ರ ಪ್ರವೇಶವಿಲ್ಲ. ಸ್ಟೌ ರಿಪೇರಿಗೆ ಯಾರಾದರೂ ಮೆಕ್ಯಾನಿಕ್ಕನನ್ನು ಕರೆಯುತ್ತಾರೆಯೇ? ಹತ್ತಿರದಲ್ಲೇ ಮನೆಯಿರುವ ತಪ್ಪಿಗೆ ಸಹಾಯಕ ನಾನಾದೆ. ಕೀ ತಿರುಗಿಸಿದರೆ ಇಂಜಿನ್ನು ಕೊಂಯ್ ಕೊಂಯ್ ಎನ್ನುತ್ತದೆ, ಹತ್ತುವುದಿಲ್ಲ. ಎಣ್ಣೆ ಇದೆ, ಗಾಳಿ ಇದೆ, ಬೆಂಕಿ ಇಲ್ಲ ಎಂದು ಅತ್ತೆ ತೀರ್ಪು ಕೊಟ್ಟರು. ಪ್ಲಗ್ಗಿನ ವೈರನ್ನು ಕಿತ್ತು ನನ್ನ ಕೈಗೆ ಕೊಟ್ಟು, ತುದಿಯನ್ನು ಹೀಗೆ ಹಿಡಿದುಕೋ ಎಂದರು. ಹಿರಿಯರ ಮಾತು ಎಂದು ಹಿಡಿದೆ. ಅವರು ಹೋಗಿ ಕೀ ತಿರುಗಿಸಿದರು. ನಾನು ಕಿರುಚಿದ್ದು ಮುಂಬ್ರಾದ ಗುಡ್ಡಕ್ಕೆ ಬಡಿದು ವಾಪಸ್ಸು ಬಂದಿರಬೇಕು! ಅತ್ತೆ ಶಾಂತವಾಗಿ ಇಳಿದು ಬಂದರು.

"ಬೆಂಕಿ ಉಂಟು, ಆದ್ರೆ ಸಾಲ್ದು. ಸರಿ ಇದ್ದಿದ್ರೆ ನೀನು ಇನ್ನೂ ಜೋರು ಬೊಬ್ಬೆ ಹಾಕ್ಬೇಕಿತ್ತು."

ಬೆಂಕಿ ಯಾಕೆ ಸಾಲದು ಎಂದು ಹುಡುಕುತ್ತ, ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರು. ಅದರೊಳಗೆ ಎರಡು ಪುಟ್ಟ ಪಾಯಿಂಟುಗಳು ತೆರೆದು ಮುಚ್ಚಿ ಮಾಡುತ್ತವೆ. ಅವುಗಳ ಕಪ್ಪನ್ನು ಪಾಲಿಶ್ ಪೇಪರಿನಿಂದ ತಿಕ್ಕಿದರು. ಇನ್ನು ನಡುವಿನ ಸಂದು ಸರಿಯಾಗಬೇಕು, ಒಂದು ಕಾರ್ಡಿನಷ್ಟು. ಯಾವ ಕಾರ್ಡು? ಆ ಹೊತ್ತಿಗೆ ಮನೆಯಲ್ಲಿದ್ದದ್ದು ನನ್ನ ತಂಗಿಯ ಮದುವೆಯದು! ಅದನ್ನೇ ಕತ್ತರಿಸಿ, ಸಂದಿನಲ್ಲಿಟ್ಟು ಸ್ಕ್ರೂ ಬಿಗಿದರು. ಇಂಜಿನ್ನು ಹತ್ತಿದ್ದೇನೋ ಹತ್ತಿತು, ಆದರೆ ಗಣಪತಿ ವಿಸರ್ಜನೆಯ ಪಟಾಕಿಯೆಲ್ಲ ಒಟ್ಟಿಗೆ ಸಿಡಿದ ಹಾಗೆ! ಸೊಸೈಟಿಯ ಸೆಕ್ರೆಟರಿ ಬನಿಯನ್ನಿನಲ್ಲೇ ಓಡಿಬಂದು, ಕಾಕೂ, ಇದನ್ನು ಭಂಗಾರದವನಿಗೆ, ಅಂದರೆ ಗುಜರಿಯವನಿಗೆ, ಕೊಟ್ಟುಬಿಡಿ ಎಂದು ಮರಾಠಿಯಲ್ಲಿ ಅಂಗಲಾಚಿದರು. ಅತ್ತೆ ಮರಾಠಿಯಲ್ಲೇ ಅವರನ್ನು ಮದುವೆಗೆ ಕರೆದು, ಉಳಿದ ಅರ್ಧ ಕಾರ್ಡನ್ನು ಕೊಟ್ಟು ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಕಾರ್ಡಿನ ಮೇಲೆ ಗಣಪತಿಯನ್ನು ಇಷ್ಟು ದಪ್ಪಗೆ ಉಬ್ಬಿಸಿ ಮಾಡಿಸುವ ಅಗತ್ಯವೇನಿತ್ತು, ಸಂದು ಜಾಸ್ತಿಯಾಯಿತು, ತೆಳ್ಳಗಿನ ಕಾರ್ಡು ಸಿಗಲಿಲ್ಲವೇ ಎಂದು ದಬಾಯಿಸಿದರು. ಕೊನೆಗೆ ನನ್ನ ಆಫೀಸಿನ ವಿಸಿಟಿಂಗ್ ಕಾರ್ಡು ಸರಿಹೋಯಿತು. ಕೆಲಸಕ್ಕೆ ಸೇರಿದಂದಿನಿಂದ ಆ ಕಾರ್ಡು ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಬೆಂಕಿಯ ಕಥೆ ಮುಗಿಯಿತು, ಸಣ್ಣ ಉರಿಯ ಕಥೆ ಸುರುವಾಯಿತು. ಕಾಲೊತ್ತಿದರೆ ಇಂಜಿನ್ನು ಗರ್ಜಿಸುತ್ತದೆ, ಕಾಲೆತ್ತಿದರೆ ಸತ್ತುಹೋಗುತ್ತದೆ. ನಾನು ಸುಲಭದ ದಾರಿ ತೋರಿಸಿದೆ. ಸೀವುಡ್ಸ್‌ವರೆಗೆ ಕಾಲು ಒತ್ತಿಕೊಂಡೇ ಇದ್ದರಾಯಿತಲ್ಲ? ಅವರ ಸಾಂಬಾರಿಗೆ ಸೋಡಾಪುಡಿ ಹಾಕು ಎಂದಿದ್ದರೂ ಅತ್ತೆ ನನ್ನನ್ನು ಹಾಗೆ ನೋಡುತ್ತಿರಲಿಲ್ಲ.

"ಓಡುದು ಯಾವ ಗಾಡಿಯೂ ಓಡ್ತದೆ. ಯಾರೂ ಒತ್ತದೆ, ಸಣ್ಣ ಉರಿಯಲ್ಲಿ ತನ್ನಷ್ಟಕ್ಕೆ ಇರ್ಬೇಕು ಇದು. ಅದಾಗದಿದ್ರೆ ಈ ಕಾರು ನಂಗೆ ಬೇಡ."

ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರು ಬಿಚ್ಚಿ ಊಟದ ಮೇಜಿಗೆ ಬಂತು. ಸಣ್ಣ ಉರಿಗೆ ಪೆಟ್ರೋಲು ಬಿಡುವ ಜೆಟ್ಟು ಅಂತ ಒಂದುಂಟು, ಅಕ್ಕಿಕಾಳು ಕೂಡ ಹೋಗದ ತೂತು. ಅತ್ತೆ ಅದಕ್ಕೆ ಬಾಯಿಟ್ಟು ಊದಿ, ಸ್ಟೌ ಪಿನ್ನು ಹಾಕಿ ಚುಚ್ಚಿದರು. ಜೋಡಿಸಿದರೆ ಇಂಜಿನ್ನು ಸಂಜೆಯವರೆಗೆ ಚೆನ್ನಾಗಿತ್ತು. ಬೆಳಿಗ್ಗೆ ಪುನಃ ಅದೇ ಹಾಡು. ಪುನಃ ಬಿಚ್ಚುವುದು, ಪುನಃ ಊದುವುದು. ನಮ್ಮೊಡನೆ ಕನ್ನಡ, ಸೊಸೈಟಿಯವರೊಡನೆ ಮರಾಠಿ ಆಡುವ ಅತ್ತೆ, ಇಂಜಿನ್ನಿಗೆ ಮಾತ್ರ ತುಳುವಿನಲ್ಲೇ ಬೈಯತೊಡಗಿದರು. ಮಾವ ಮೇಲೆ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಕೆಳಗೆ ಇಂಜಿನ್ನು ಆರಿದಾಗಲೆಲ್ಲ ಮುಖ ಒಳಗೆ ತಿರುಗಿಸಿಕೊಳ್ಳುತ್ತಿದ್ದರು. ಅತ್ತೆ ನೋಡದವರ ಹಾಗೆ ಮತ್ತೆ ಸ್ಪ್ಯಾನರು ಎತ್ತಿಕೊಳ್ಳುತ್ತಿದ್ದರು.

ಮದುವೆಗೆ ಇನ್ನೇನು ಎರಡು ದಿನ ಎನ್ನುವಾಗ ಜೆಟ್ಟಿನಿಂದ ಬಿಳಿ ನೂಲಿನ ಎಳೆಯೊಂದು ಹೊರಬಂತು. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಇಷ್ಟು ವರ್ಷ ನಿಂತಿದ್ದ ಕಾರಿನ ಟ್ಯಾಂಕು ತುಕ್ಕು ಹಿಡಿದಿತ್ತು, ಅದಕ್ಕೇ ಅವರು ಅದರೊಳಗಿನ ಪೆಟ್ರೋಲಿನ ಒಂದೊಂದು ಹನಿಯನ್ನೂ ಕಾಫಿ ಸೋಸುವ ಹಳೇ ಬಟ್ಟೆಯಲ್ಲಿ ನಾಲ್ಕು ಮಡಿಕೆ ಹಾಕಿ ಸೋಸುತ್ತಿದ್ದರು! ಆ ಬಟ್ಟೆಯ ನೂಲೇ ಉದುರಿ ಉದುರಿ ಜೆಟ್ಟಿಗೆ ಕೂರುತ್ತಿತ್ತು. ಡೊಂಬಿವಲಿಯಲ್ಲಿ ತಮ್ಮ ಹಾಗೆ ಕಾಫಿ ಸೋಸುವವರಿಲ್ಲ ಎಂದು ಹೇಳಿಕೊಳ್ಳುವ ಅತ್ತೆ, ಇದನ್ನು ಯಾರಿಗೂ ಹೇಳಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡರು. ನಾನು ಯಾರಿಗೂ ಹೇಳಿಲ್ಲ, ಬರೆಯುತ್ತಿದ್ದೇನೆ ಅಷ್ಟೆ. ಟ್ಯಾಂಕು ತೊಳೆದದ್ದಾಯಿತು. ಅಂಗಡಿಯಿಂದ ಪ್ಲಾಸ್ಟಿಕ್ಕಿನ ಪೆಟ್ರೋಲ್ ಫಿಲ್ಟರು ತಂದು ಹಾಕಿದೆವು. ಅತ್ತೆ ಕಿವಿಗೊಟ್ಟು ಕೇಳುತ್ತ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದರು. ಇಂಜಿನ್ನು ತಣ್ಣಗೆ ಗುನುಗುತ್ತ ನಿಂತಿತು. ಒಂದು ಗಂಟೆಯಾದರೂ ಆರಲಿಲ್ಲ. ಮೇಲೆ ಕಿಟಕಿಯಲ್ಲಿ ಮಾವನೂ ಮುಖ ಒಳಗೆ ತಿರುಗಿಸಲಿಲ್ಲ.

ಮದುವೆಯ ಬೆಳಿಗ್ಗೆ ನಾನು ಹೋದಾಗ ಕಾರು ಗೇಟಿನ ಹತ್ತಿರ ಸಣ್ಣ ಉರಿಯಲ್ಲಿತ್ತು. ರೇಷ್ಮೆ ಸೀರೆ ಉಟ್ಟ ಅತ್ತೆಯ ಉಗುರಿನಲ್ಲಿ ಕಪ್ಪು ಗ್ರೀಸು ಹಾಗೇ ಇತ್ತು. ಮಾವ ಬಿಳಿ ಪಂಚೆಯುಟ್ಟು ಒಂದೊಂದೇ ಮೆಟ್ಟಿಲು ಇಳಿದು ಬಂದರು. ಕಾರಿನ ಬಾಗಿಲು ಹಿಡಿದು ಎಡಗಾಲು ಎತ್ತಲು ನೋಡಿದರು, ಏಳಲಿಲ್ಲ. ನಾನು ಹಿಡಿಯಲು ಹೋದೆ. ಅತ್ತೆ ನನ್ನ ತೋಳು ಹಿಡಿದು ನಿಲ್ಲಿಸಿದರು. ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು:

"ಆವತ್ತು ಡಾಕ್ಟ್ರಲ್ಲಿಗೆ ಹೋಗುವಾಗ ಇವರು ಕಾಲೆತ್ತುವ ಮೊದ್ಲೇ ರಿಕ್ಷಾದವ ಭರ್ರ್ ಭರ್ರ್ ಅಂತ ಒತ್ತಿದ. ಹಿಂದಿನವ ಹಾರ್ನು ಹೊಡೆದ. ಇವರು ಅರ್ಧ ಹತ್ತಿದವರು ಇಳಿದು ಮೇಲೆ ಬಂದ್ರು. ನನ್ನಿಂದ ಎಲ್ಲರಿಗೂ ತಡ ಆಗ್ತದೆ ಅಂದ್ರು. ಮತ್ತೆ ಕೆಳಗೆ ಇಳಿಲೇ ಇಲ್ಲ."

ಮಾವನಿಗೆ ಕಾಯುವ ಗಾಡಿಯೊಂದನ್ನು ಈ ಹೆಂಗಸು ತನ್ನ ಕೈಯಾರೆ ಮಾಡಿಕೊಂಡಿದ್ದರು. ನಾವು ಅದನ್ನು ಹಟ ಎಂದು ಕರೆದು ನಗುತ್ತಿದ್ದೆವು!

ಮಾವ ಬಲಗೈಯಿಂದ ಎಡಗಾಲನ್ನು ಹಿಡಿದೆತ್ತಿದರು. ಜಾರಿತು. ತೊದಲುತ್ತ, "ತಡ ಆಗ್ತದೆ" ಎಂದರು.

"ಆಗ್ಲಿ," ಎಂದರು ಅತ್ತೆ. "ನಿಮಗೆ ಬೇಕಾದಷ್ಟು ಹೊತ್ತು ತಗೊಳ್ಳಿ. ಇದು ಆರುದಿಲ್ಲ."

ಮಾವ ಇನ್ನೊಮ್ಮೆ ಎತ್ತಿದರು. ಈ ಸಲ ಕಾಲು ಒಳಗೆ ಬಂತು. ಸೀಟಿನಲ್ಲಿ ಸರಿಯಾಗಿ ಕೂತು, ಪಂಚೆಯ ಅಂಚು ಎಳೆದುಕೊಂಡು, ಬಾಗಿಲನ್ನು ತಾವೇ ಹಾಕಿಕೊಂಡರು.